ಅರಿಶಿನದ ಬೆರಳು

ನಮ್ಮ ಜೀವರಸಾಯನ ವಿಭಾಗದ ಬಾಗಿಲ ಪಕ್ಕ ಗಾಜಿನ ಬಾಗಿಲಿರುವ ಒಂದು ಫಲಕವಿದೆ. ಮೇಲೆ 'ಸುದ್ದಿ ಮತ್ತು ಸಾಧನೆ' ಎಂದು ಬರೆದಿದೆ. ಯಾರದಾದರೂ ಸಂಶೋಧನಾ ಪ್ರಬಂಧ ಪ್ರಕಟವಾದರೆ, ಯಾರಿಗಾದರೂ ಪಿಎಚ್‌ಡಿ ಬಂದರೆ ಅಲ್ಲಿ ಫೋಟೊ ಸಮೇತ ಹಾಕುತ್ತಾರೆ. ನಾನು ಹರಿಹರದಿಂದ ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಬಂದು, ಬೆವರೊರೆಸಿಕೊಳ್ಳುತ್ತಾ ಮೊದಲು ನೋಡುತ್ತಿದ್ದುದು ಅದನ್ನೇ. ಬೇರೆಯವರ ಫೋಟೊ ನೋಡಿದಾಗ ಹೊಟ್ಟೆ ಉರಿಯುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ನನ್ನ ಪಿಎಚ್‌ಡಿ ಗೈಡ್ ಮೇಡಂ ಪಿ.ಜೆ. ಬಡಾವಣೆಯವರು. ಹಣೆಗೆ ವಿಭೂತಿ, ಸೀರೆಯ ಮೇಲೊಂದು ಬಿಳಿ ಕೋಟು. ಬೈಯುವುದರಲ್ಲಿ ಎತ್ತಿದ ಕೈ. ಬೈದ ಮೇಲೆ ಬುತ್ತಿ ಡಬ್ಬಿ ತೆಗೆದು ಅರ್ಧ ರೊಟ್ಟಿಯನ್ನು ನನ್ನ ಮುಂದೆ ತಳ್ಳುವುದರಲ್ಲೂ ಅಷ್ಟೇ. ಆ ವರ್ಷದ ಕೊನೆಗೆ ಅವರಿಗೆ ನಿವೃತ್ತಿ. ಹೋಗುವ ಮುಂಚೆ ಇನ್ನೊಂದು ಒಳ್ಳೆಯ ಪ್ರಬಂಧ ಬರಬೇಕೆಂಬ ಆಸೆ ಅವರಿಗಿತ್ತು. ಬಾಯಿಬಿಟ್ಟು ಹೇಳಿದವರಲ್ಲ, ಆದರೂ ನನಗೆ ಗೊತ್ತಿತ್ತು.

ನಮ್ಮ ಕೆಲಸ ಭತ್ತದ ತೌಡಿನ ಮೇಲೆ. ಅದರಲ್ಲಿ ದೇಹಕ್ಕೆ ಒಳ್ಳೆಯದು ಮಾಡುವ ಒಂದು ಅಂಶವಿದೆ. ಅದರ ಮೇಲೆ ಬೆಳಕು ಹಾಯಿಸಿದರೆ ಅದು ತಾನೂ ಹೊಳೆಯುತ್ತದೆ. ಆ ಹೊಳಪನ್ನು ಅಳೆಯುವ ಯಂತ್ರ ನಮ್ಮಲ್ಲಿದೆ. ಹೊಳಪು ಹೆಚ್ಚಿದಷ್ಟೂ ಅಂಶ ಹೆಚ್ಚು. ಭತ್ತಕ್ಕೆ ಮೊಳಕೆ ಬರಿಸಿದರೆ ಅದು ಹೆಚ್ಚುತ್ತದೆಯೇ ಎಂಬುದು ನಮ್ಮ ಪ್ರಶ್ನೆ. ಹತ್ತಿರದ ಹಳ್ಳಿ ಹದಡಿಯಿಂದ ಭತ್ತ ತಂದು ಅರ್ಧವನ್ನು ಹಾಗೇ ಇಟ್ಟೆ. ಉಳಿದರ್ಧವನ್ನು ಮನೆಯಲ್ಲಿ ಒದ್ದೆ ಬಟ್ಟೆಯಲ್ಲಿ ಕಟ್ಟಿ, ಅವ್ವನ ಹೆಸರುಕಾಳಿನ ಗಂಟಿನ ಪಕ್ಕ ಇಟ್ಟೆ.

"ಇದನ್ನ ಯಾರಿಗೆ ಉಸುಳಿ ಮಾಡಿ ಹಾಕ್ತೀಯೇ?" ಎಂದು ಅವ್ವ ಛೇಡಿಸಿದಳು.

ಸಾದಾ ತೌಡನ್ನು ಅಳೆದು ಮುಗಿಸುವ ಹೊತ್ತಿಗೆ ಆಯುಧಪೂಜೆ ಬಂತು. ಯಂತ್ರಗಳನ್ನೆಲ್ಲ ಒರೆಸಿ, ಚೆಂಡು ಹೂ ಏರಿಸಿ, ವಿಭೂತಿ ಎಳೆದು, ಮಂಡಕ್ಕಿ ಹಂಚುವುದು ನಮ್ಮ ವಿಭಾಗದ ಪದ್ಧತಿ. ದೊಡ್ಡ ಯಂತ್ರಗಳಿಗಷ್ಟೇ ಪೂಜೆ ಮಾಡಿ ಬಿಡುವವರಲ್ಲ ಮೇಡಂ. ಅರಿಶಿನ ಕಲಸಿದ ಬಟ್ಟಲು ಹಿಡಿದು ಉಂಗುರ ಬೆರಳಿನಿಂದ ಬೊಟ್ಟು ಇಡುತ್ತಾ, ತಕ್ಕಡಿ, ಕಪಾಟಿನ ಬೀಗ, ಕೈಗವಸಿನ ಡಬ್ಬಿ, ಸಾಲಾಗಿ ನಿಂತ ಬಾಟಲಿಗಳು, ಯಾವುದನ್ನೂ ಬಿಡಲಿಲ್ಲ.

"ಇವೂ ದುಡಿತಾವಲ್ಲವಾ, ಇವಕ್ಕ ಯಾಕ ಬ್ಯಾಡ?" ಎಂದರು. ನಾವೆಲ್ಲ ನಕ್ಕೆವು.

ಹಬ್ಬ ಮುಗಿಸಿ ಬಂದು ಮೊಳಕೆ ಭತ್ತದ ತೌಡನ್ನು ಅಳೆದೆ. ಹೊಳಪು ದುಪ್ಪಟ್ಟು ಬಂತು. ಮತ್ತೆ ಅಳೆದೆ, ಮತ್ತೆ ಹಾಗೇ. ಮೇಡಂ ಅಂಕಿಗಳನ್ನು ನೋಡಿ ಕೋಟು ಬಿಚ್ಚಿ, ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ ಬೆಣ್ಣೆ ದೋಸೆ ತಿನ್ನಿಸಿದರು. ಪ್ರಬಂಧ ಕಳಿಸುವ ಮುಂಚೆಯೇ, ಮರುದಿನ ಫಲಕದಲ್ಲಿ ನಮ್ಮ ಸುದ್ದಿ. ಭುಜಕ್ಕೆ ಭುಜ ತಾಗಿಸಿ ನಿಂತ ನಮ್ಮಿಬ್ಬರ ಫೋಟೊ. ಅವ್ವ ಅದನ್ನು ಮೊಬೈಲಿನಲ್ಲಿಟ್ಟುಕೊಂಡು ತರಕಾರಿಯವಳಿಗೂ ತೋರಿಸಿದಳು. ನನಗೂ ಒಳಗೊಳಗೇ ಹಿಗ್ಗು, ಸುಳ್ಳ್ಯಾಕೆ ಹೇಳಲಿ.

ಪ್ರಬಂಧ ಕಳಿಸಲು ಒಂದು ವಾರವಿತ್ತು. ತೌಡಿನ ಅಂಶವನ್ನು ಆಲ್ಕೋಹಾಲಿನಲ್ಲಿ ಕರಗಿಸುತ್ತೇವೆ; ಆ ಆಲ್ಕೋಹಾಲು ತುಂಬಿಡಲು ಮೂತಿಯಿರುವ ಒಂದು ಪ್ಲಾಸ್ಟಿಕ್ ಬಾಟಲಿ ಇದೆ. ಆ ಮಧ್ಯಾಹ್ನ ಸುಮ್ಮನೆ ಒಮ್ಮೆ ಪರೀಕ್ಷಿಸೋಣವೆಂದು, ತೌಡೇ ಇಲ್ಲದ, ಅದೇ ಬಾಟಲಿಯ ಬರೀ ಆಲ್ಕೋಹಾಲನ್ನು ಯಂತ್ರಕ್ಕಿಟ್ಟೆ. ಹೊಳಪು ಬರಬಾರದಿತ್ತು. ಅಂಕಿ ಏರುತ್ತಲೇ ಹೋಯಿತು. ಬಾಟಲಿಯ ಮುಚ್ಚಳ ತಿರುಗಿಸಿ ನೋಡಿದೆ. ಅದರ ಸಂದಿಯಲ್ಲಿ ಹಳದಿ, ಹೊರಗೆ ಅರ್ಧ ಮಾಸಿದ ಬೆರಳ ಗುರುತು. ಅರಿಶಿನ ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತದೆ, ಬೆಳಕು ಬಿದ್ದರೆ ಹೊಳೆಯುತ್ತದೆ. ಸಾದಾ ತೌಡನ್ನು ಅಳೆದದ್ದು ಹಬ್ಬದ ಮುಂಚೆ, ಮೊಳಕೆಯದನ್ನು ಅಳೆದದ್ದು ಹಬ್ಬದ ನಂತರ. ಹೊಳೆದದ್ದು ಮೊಳಕೆಯಲ್ಲ, ಮೇಡಂ ಮಾಡಿದ ಪೂಜೆ.

ಮೇಡಂ ಅವತ್ತು ರಜೆಯಲ್ಲಿದ್ದರು. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕರೂ ನಾನು ನಿಂತೇ ಹೋದೆ. ಮನೆಗೆ ಬಂದು ಅವ್ವನ ಮುಂದೆ ಅತ್ತೆ.

"ಹೋಗೋ ಹೊತ್ನಾಗ ಅವ್ರಿಗೆ ಇದನ್ನ ಹೆಂಗೆ ಹೇಳ್ಲಿ?"

ಅವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು. "ಹೇಳ್ಬೇಕು ಅನ್ನೋದಂತೂ ನಿಂಗೇ ಗೊತ್ತೈತೆ. ಯಾರ ಬೆರಳು ಅಂತ ಮಾತ್ರ ಹೇಳ್ಬ್ಯಾಡ. ಅರಿಶಿನ ಬಿದ್ದೈತೆ ಅನ್ನು, ಸಾಕು."

ಮರುದಿನ ಹಾಗೇ ಹೇಳಿದೆ. "ಮೇಡಂ, ಬಾಟಲಿಗೆ ಅರಿಶಿನ ಬಿದ್ದೈತ್ರಿ. ನಮ್ಮ ಅಳತೆ ಸುಳ್ಳು."

ಅವರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮುಚ್ಚಳ ತೆಗೆದರು. ಆಮೇಲೆ ತಮ್ಮ ಉಂಗುರ ಬೆರಳನ್ನು ತುಂಬ ಹೊತ್ತು ನೋಡಿಕೊಂಡರು. ಬೈಯಲಿ, ಎದ್ದು ಕೂಗಾಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಬಿದ್ದಿದ್ದಲ್ಲವ್ವಾ," ಎಂದರು ಕೊನೆಗೆ. "ನಾನು ಹಚ್ಚಿದ್ದು."

ಎಲ್ಲವನ್ನೂ ತೊಳೆದು, ಹೊಸ ಬಾಟಲಿ ತೆಗೆದು, ಇಬ್ಬರೂ ಕೂತು ಮೊದಲಿನಿಂದ ಅಳೆದೆವು. ಮೊಳಕೆಯ ತೌಡಿಗೂ ಸಾದಾ ತೌಡಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಪ್ರಬಂಧ ಹೋಗಲಿಲ್ಲ. ಇನ್ನೊಂದನ್ನು ಮಾಡಲು ಮೇಡಂಗೆ ಕಾಲ ಉಳಿದಿರಲಿಲ್ಲ.

ಅವರ ಬೀಳ್ಕೊಡುಗೆಯ ದಿನ ನಾನು ಬಂದಾಗ ಫಲಕದ ಮುಂದೆ ನಾಲ್ಕಾರು ಜನ ನಿಂತಿದ್ದರು. ನಮ್ಮ ಹಳೆಯ ಸುದ್ದಿಯ ಜಾಗದಲ್ಲಿ ಮೇಡಂ ಕೈಬರಹದ ಒಂದು ಹಾಳೆ ಇತ್ತು. 'ಮೊಳಕೆ ಭತ್ತದ ಸುದ್ದಿ ತಪ್ಪು. ಅಳತೆಯಲ್ಲಿ ಅರಿಶಿನ ಸೇರಿತ್ತು. ಸೇರಿಸಿದವಳು ನಾನು, ಕಂಡುಹಿಡಿದವಳು ಇವಳು.' ಕೆಳಗೆ ನನ್ನ ಫೋಟೊ. ಅದೇ ಹಳೆಯ ಫೋಟೊ. ತಮ್ಮನ್ನು ತಾವೇ ಕತ್ತರಿಸಿ ತೆಗೆದಿದ್ದರು. ಇಬ್ಬರೂ ಅಷ್ಟು ಒತ್ತಿ ನಿಂತಿದ್ದರಿಂದ ಅವರ ಕೋಟಿನ ಭುಜ ಮಾತ್ರ ನನ್ನ ಪಕ್ಕದಲ್ಲಿ ಉಳಿದಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಸೀದಾ ಅವರ ಕೋಣೆಗೆ ಹೋದೆ. "ನಿಮ್ಮನ್ನ ಯಾಕ ಕತ್ತರಿಸಿದ್ರಿ? ಯಾರು ಕೇಳಿದ್ರು ನಿಮ್ಮನ್ನ?"

"ಕುಂದ್ರು," ಎಂದರು. ಡಬ್ಬಿ ತೆಗೆದು ಅರ್ಧ ರೊಟ್ಟಿ ನನ್ನ ಮುಂದೆ ತಳ್ಳಿದರು. ಅಳುತ್ತಲೇ ತಿಂದೆ.

ಕಳೆದ ಆಯುಧಪೂಜೆಗೆ ಅವರನ್ನು ಕರೆದಿದ್ದೆವು. ಬಿಳಿ ಕೋಟು ಇರಲಿಲ್ಲ, ಕೈಯಲ್ಲಿ ಅದೇ ಅರಿಶಿನದ ಬಟ್ಟಲಿತ್ತು. ನಾನು ಬಾಟಲಿಗಳ ಮುಂದೆ ಹೋಗಿ ಅಡ್ಡ ನಿಂತೇಬಿಟ್ಟೆ. ಮೇಡಂ ನಕ್ಕರು. ಯಂತ್ರಗಳಿಗೆಲ್ಲ ದೂರದಿಂದಲೇ ಕೈಮುಗಿದು, ನನ್ನ ಹತ್ತಿರ ಬಂದು ಗಲ್ಲ ಹಿಡಿದೆತ್ತಿದರು.

"ಇದಕ್ಕ ಹಚ್ಚಿದ್ರೆ ಅಳತೆ ಕೆಡಂಗಿಲ್ಲಲ್ಲ?" ಎಂದು ಕೇಳಿ, ಆ ಅರಿಶಿನದ ಬೆರಳನ್ನು ನನ್ನ ಹಣೆಗಿಟ್ಟರು.