ರಾಕೆಟ್ ಹಾರುವ ದಿನದ ನೆಪಗಳು

ಹೆರ್ಲಿಂಡಾ ಬುಸ್ತಿಯೋಸ್ ಅವರಿಗೆ ಐವತ್ತೊಂಬತ್ತು ವರ್ಷ. ಅದರಲ್ಲಿ ಇಪ್ಪತ್ತೆರಡು ವರ್ಷಗಳನ್ನು ಅವರು ಪಶ್ಚಿಮ ಟೆಕ್ಸಸ್‌ನ ರಸ್ತೆಗಳ ಮೇಲೆ ನಿಂತೇ ಕಳೆದಿದ್ದಾರೆ. ಕೈಯಲ್ಲೊಂದು ಕೋಲು, ಕೋಲಿನ ತುದಿಗೆ ಫಲಕ. ಒಂದು ಬದಿಗೆ ‘ನಿಲ್ಲಿ’, ಇನ್ನೊಂದು ಬದಿಗೆ ‘ನಿಧಾನ’. ಡಾಂಬರು ಹಾಕುವಲ್ಲಿ, ಸೇತುವೆ ರಿಪೇರಿಯಾಗುವಲ್ಲಿ ನಿಂತು ಆ ಫಲಕ ತಿರುಗಿಸುವುದು ಅವರ ಕೆಲಸ. ಬಿಸಿಲಿಗೆ ಮುಖದ ಬಲಭಾಗ ಎಡಭಾಗಕ್ಕಿಂತ ಕಪ್ಪಾಗಿದೆ. ಪೊಸೀತೋ ಊರಿನಲ್ಲಿ ಅವರ ಫಲಕಕ್ಕೆ ಒಮ್ಮೆಯಾದರೂ ಬ್ರೇಕ್ ಹಾಕದವರು ಸಿಗುವುದಿಲ್ಲ.

ಊರಿನ ಉತ್ತರಕ್ಕೆ ಶ್ರೀಮಂತರೊಬ್ಬರ ಕಂಪನಿ ಹುಲ್ಲುಗಾವಲು ಕೊಂಡು, ಜನರನ್ನು ಕೂರಿಸಿ ರಾಕೆಟ್ ಹಾರಿಸತೊಡಗಿದ ಮೇಲೆ ಅವರಿಗೆ ಇನ್ನೊಂದು ಕೆಲಸ ಸಿಕ್ಕಿತು. ಹಾರಾಟದ ದಿನ ಬೆಳಿಗ್ಗೆ ಹೆದ್ದಾರಿಯನ್ನು ಒಂದೆರಡು ಗಂಟೆ ಮುಚ್ಚುತ್ತಾರೆ. ಊರಿಂದ ಹನ್ನೆರಡು ಮೈಲಿ ದೂರದ ತಡೆಗೇಟಿನ ಬಳಿ ಹೆರ್ಲಿಂಡಾ ನಿಲ್ಲುತ್ತಾರೆ. ಅಲ್ಲಿಂದಾಚೆ ಮೊಬೈಲ್ ಹಿಡಿಯುವುದಿಲ್ಲ. ಅವರ ಸೊಂಟದಲ್ಲಿ ಒಂದು ವಾಕಿಟಾಕಿ ಇರುತ್ತದೆ.

ಆ ಗೇಟು ಬೇಗ ಜಾತ್ರೆಯ ಜಾಗವಾಯಿತು. ಜನ ಕತ್ತಲಿರುವಾಗಲೇ ಬಂದು ಮಡಚುವ ಕುರ್ಚಿ ಹಾಕಿ, ಫ್ಲಾಸ್ಕಿನ ಕಾಫಿ ಕುಡಿಯುತ್ತ, ಮೊಟ್ಟೆ ಬುರ್ರೀತೋ ತಿನ್ನುತ್ತ ಕಾಯುತ್ತಿದ್ದರು. ಗೇಟು ದಾಟಿ ಎರಡು ಮೈಲಿ ಹೋದರೆ ಗುಡ್ಡದ ಮರೆಯಿಲ್ಲದೆ ನೋಡಬಹುದು ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಗೇಟು ದಾಟಲು ನೆಪ ಹೇಳುವುದು ಒಂದು ಆಟವೇ ಆಯಿತು. ಹಸು ಈಯುತ್ತಿದೆ, ಒಲೆ ಆರಿಸದೆ ಬಂದಿದ್ದೇನೆ, ಪಾದ್ರಿ ಕಾಯುತ್ತಿದ್ದಾರೆ. ಊರಿನ ಕೆಫೆಯ ಒಡತಿ ನಾಟಿ ಅಂದಿನ ಅತ್ಯುತ್ತಮ ನೆಪವನ್ನು ಕರಿಹಲಗೆಯ ಮೇಲೆ ಬರೆದು, ಹೇಳಿದವನಿಗೆ ಒಂದು ತಟ್ಟೆ ‘ಎಂಚಿಲಾಡಾ’ ತಿಂಡಿ ಪುಕ್ಕಟೆ ಕೊಡುತ್ತಿದ್ದಳು. ತೀರ್ಪು ಹೇಳುತ್ತಿದ್ದವರು ಹೆರ್ಲಿಂಡಾ.

ನಾಲ್ಕು ಹಾರಾಟಗಳಲ್ಲಿ ಮೂರು ಸಲ ಆ ತಟ್ಟೆ ಗೆದ್ದವನು ಚೆಂಚೋ ತಾರಾಂಗೋ. ಟೈರ್ ಪಂಕ್ಚರ್ ಅಂಗಡಿಯವನು, ಐವತ್ತು ದಾಟಿದವನು.

“ದೋನ್ಯಾ ಹೆರ್ಲಿಂಡಾ, ಬಿಡಿ, ನನ್ನ ಹೆಂಡ್ತಿಗೆ ಹೆರಿಗೆ ನೋವು,” ಎಂದಿದ್ದ ಒಮ್ಮೆ. ಹಿರಿಯ ಹೆಂಗಸರನ್ನು ಊರಿನಲ್ಲಿ ಗೌರವದಿಂದ ‘ದೋನ್ಯಾ’ ಎಂದೇ ಕರೆಯುತ್ತಾರೆ.

“ನಿನ್ ಹೆಂಡ್ತಿ ಇಲ್ಲೇ ಕುರ್ಚೀಲಿ ಕೂತು ಬುರ್ರೀತೋ ತಿಂತಿದ್ದಾಳಲ್ಲೋ!”

“ಅದಕ್ಕೇ ಅರ್ಜೆಂಟು. ಅವಳಿಗಿನ್ನೂ ಗೊತ್ತಾಗಿಲ್ಲ.”

ಆ ದಿನ ನಗುವಿಗೆ ಕಾರುಗಳ ಹಾರ್ನ್ ಕೂಡ ಸೇರಿಕೊಂಡಿತ್ತು.

ಐದನೆಯ ಹಾರಾಟ ಅಕ್ಟೋಬರಿನಲ್ಲಿ. ಅದಕ್ಕೆ ಎಂದೂ ಇಲ್ಲದಷ್ಟು ಜನ. ಕಾರಣ ಬೆರ್ತಾ ಓಲಿವಾಸ್. ಎಲ್ ಪಾಸೋದಲ್ಲಿ ಮೂವತ್ತು ವರ್ಷ ಶಾಲಾ ಬಸ್ ಓಡಿಸಿ ನಿವೃತ್ತಳಾದ, ಎಪ್ಪತ್ತೊಂದರ ಹೆಂಗಸು. ಕಂಪನಿಯವರು ಚೀಟಿ ಎತ್ತಿದಾಗ ರಾಕೆಟ್ಟಿನ ಒಂದು ಸೀಟು ಅವಳ ಪಾಲಿಗೆ ಬಂದಿತ್ತು. ಇಷ್ಟು ದಿನ ಹಾರಿದವರೆಲ್ಲ ದುಡ್ಡಿದ್ದವರು. ಇವಳು ನಮ್ಮವಳು. ಗೇಟಿನ ಬಳಿ ಹೆಂಗಸರು ಅವಳ ಚಿತ್ರವಿದ್ದ ಅಂಗಿ ತೊಟ್ಟಿದ್ದರು. ಹೆರ್ಲಿಂಡಾ ಅವರೂ ಹಳದಿ ಜಾಕೆಟ್ಟಿನ ಒಳಗೆ ಅದನ್ನೇ ತೊಟ್ಟಿದ್ದರು.

“ಜೀವಮಾನವೆಲ್ಲ ಬೇರೆಯವರಿಗೆ ದಾರಿ ಬಿಟ್ಟವಳು ನಾನು. ಅವಳು ಹೋಗ್ತಿದ್ರೆ ನಾನೇ ಹೋದ ಹಾಗಿತ್ತು,” ಎನ್ನುತ್ತಾರೆ ಅವರು.

ಬೆರ್ತಾ ಹೊರಡುವ ಮುಂಚೆ ಎರಡು ಮಾತಾಡುತ್ತಾಳೆ, ಅದು ವಾಕಿಟಾಕಿಯಲ್ಲಿ ಕೇಳುತ್ತದೆ ಎಂದು ಸುದ್ದಿಯಿತ್ತು. ಹೆರ್ಲಿಂಡಾ ಅದಕ್ಕೊಂದು ಸ್ಪೀಕರ್ ಸಿಕ್ಕಿಸಿ ಗೇಟಿನ ಕಂಬದ ಮೇಲಿಟ್ಟರು. ಇನ್ನೂರು ಜನ ಕಿವಿಗೊಟ್ಟು ನಿಂತರು.

ಹಾರಾಟ ಎಂಟೂವರೆಗೆ. ಎಂಟು ಗಂಟೆ ಹತ್ತು ನಿಮಿಷಕ್ಕೆ ಚೆಂಚೋನ ಗಾಡಿ ಬಂತು. ಜನ ಆಗಲೇ ಚಪ್ಪಾಳೆ ತಟ್ಟತೊಡಗಿದರು. ಅವನು ಇಳಿದು ಓಡುತ್ತ ಬಂದ.

“ದೋನ್ಯಾ, ಬಿಡಿ. ಅಮ್ಮ ಹೋಗ್ತಿದ್ದಾಳೆ. ತಂಗಿ ಲ್ಯಾಂಡ್‌ಲೈನಿಂದ ಫೋನ್ ಮಾಡಿದ್ಲು.”

ಕುರ್ಚಿಗಳ ನಡುವಿಂದ ಯಾರೋ ಕೂಗಿದರು. “ಎಲ್ಲಿಗೆ ಹೋಗ್ತಿದ್ದಾಳೆ, ರಾಕೆಟ್‌ನಲ್ಲಾ?”

“ಈ ಸಲ ತಟ್ಟೆ ಇವನಿಗೇ! ಬೇರೆಯವರು ಬಾಯೇ ಬಿಡಬೇಡಿ!”

“ಆಣೆ ದೋನ್ಯಾ. ಮುದುಕಿ ಉಸಿರು ಎಳೀತಿದ್ದಾಳಂತೆ.”

“ಕಣ್ಣೀರು ನೋಡ್ರೋ! ಕಳೆದ ಸಲ ಇಷ್ಟು ಚೆನ್ನಾಗಿ ಮಾಡಿರಲಿಲ್ಲ!”

ಹೆರ್ಲಿಂಡಾ ಕೂಡ ನಕ್ಕರು. “ಚೆಂಚೋ, ಇವತ್ತು ಬೆರ್ತಾ ದಿನ ಕಣೋ. ಸುಮ್ನೆ ನಿಂತ್ಕೋ.”

ಚೆಂಚೋನ ತಾಯಿ ದೋನ್ಯಾ ಕೂಕಾಗೆ ಎಂಬತ್ತೆಂಟು. ಗೇಟಿನಾಚೆ ಮೂವತ್ತೈದು ಮೈಲಿ ದೂರದ ದನದ ಹಟ್ಟಿಯಲ್ಲಿ ಮಗಳ ಜೊತೆ ಇದ್ದಳು. ಅವಳಿಗೆ ಹುಷಾರಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಆದರೆ ಎರಡು ವರ್ಷದಿಂದಲೂ ಹುಷಾರಿರಲಿಲ್ಲ, ಹಾಗಾಗಿ ಅದು ಹಳೆಯ ಮಾತಾಗಿತ್ತು.

ಹೆರ್ಲಿಂಡಾ ಅವರ ಜೇಬಿನಲ್ಲಿ ನಿಯಮದ ಹಾಳೆ ಇತ್ತು. ಯಾರಿಗಾದರೂ ಪ್ರಾಣದ ತುರ್ತು ಇದ್ದರೆ ವಾಕಿಟಾಕಿಯಲ್ಲಿ ತಿಳಿಸಬೇಕು. ಹಾರಾಟಕ್ಕೆ ಕಾಲು ಗಂಟೆ ಉಳಿದಿರುವವರೆಗೂ ಪೊಲೀಸ್ ಗಾಡಿ ಬಂದು, ಹೆದ್ದಾರಿ ಬಿಟ್ಟು ಪಶ್ಚಿಮದ ಜಾನುವಾರು ದಾರಿಯಲ್ಲಿ ಸುತ್ತಿಸಿ ದಾಟಿಸುತ್ತದೆ. ಆ ಗಾಡಿ ಕಣ್ಣಳತೆಯಲ್ಲೇ ನಿಂತಿತ್ತು. ಅಂಥ ದಾರಿ ಇದೆಯೆಂದು ಊರಿನವರಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಎಲ್ಲರೂ ಕೇಳುತ್ತಾರೆಂದು ಹೇಳಬಾರದೆಂದೇ ಅಪ್ಪಣೆಯಿತ್ತು.

ನಾವು ಮಾತಾಡುವಾಗ ವಾಕಿಟಾಕಿಯಲ್ಲಿ ಅತ್ತ ಕಡೆಯ ಮಾತು ಕೇಳುವುದಿಲ್ಲ. ಗುಂಡಿ ಒತ್ತಿದರೆ ಸ್ಪೀಕರ್ ಸತ್ತುಹೋಗುತ್ತದೆ, ಬೆರ್ತಾಳ ಮಾತು ತಪ್ಪಿಹೋಗುತ್ತಿತ್ತು.

“ನಾನು ನಂಬಲಿಲ್ಲ ಅಂತ ಮೊದಮೊದಲು ನನಗೆ ನಾನೇ ಹೇಳ್ಕೊಂಡೆ. ಅದು ಸುಳ್ಳು,” ಎಂದರು ಹೆರ್ಲಿಂಡಾ ಎಷ್ಟೋ ದಿನಗಳ ಮೇಲೆ, ತಮ್ಮ ಅಡುಗೆಮನೆಯ ಮೇಜಿನ ಮೇಲೆ ಎರಡೂ ಕೈ ಇಟ್ಟುಕೊಂಡು. “ಅವನು ಮನೇಲಿ ಹಾಕೋ ಚಪ್ಪಲಿಯಲ್ಲೇ ಬಂದಿದ್ದ. ಚೆಂಚೋ ಎಷ್ಟೇ ತಮಾಷೆ ಮಾಡಿದ್ರೂ ಮನೆಯಿಂದಾಚೆ ಬೂಟು ಬಿಟ್ಟು ಬರೋನಲ್ಲ. ನಾನು ನೋಡಿದೆ. ನೋಡಿ, ನಿಜ ಇರಬಹುದು ಅನ್ಕೊಂಡೆ. ಆಮೇಲೆ, ಬೆರ್ತಾ ಮಾತಾಡಿಬಿಡಲಿ, ಎರಡು ನಿಮಿಷ ಅಷ್ಟೇ, ಅನ್ಕೊಂಡೆ.”

ಬೆರ್ತಾ ಮಾತಾಡಲು ಎರಡು ನಿಮಿಷವಲ್ಲ, ಏಳು ನಿಮಿಷ ಹಿಡಿಯಿತು. “ಮಕ್ಕಳೇ, ಬೆಲ್ಟ್ ಹಾಕ್ಕೊಳ್ಳಿ,” ಎಂದಳು ಸ್ಪೀಕರಿನಲ್ಲಿ. ಇನ್ನೂರು ಜನ ಕುಣಿದರು. ಆ ಗದ್ದಲದಲ್ಲಿ ಚೆನ್ನಾಗಿ ಕೇಳಲೆಂದು ಹೆರ್ಲಿಂಡಾ ವಾಕಿಟಾಕಿಯನ್ನೇ ಎತ್ತಿ ಮುಖದ ಬಳಿ ಹಿಡಿದರು. ಅಷ್ಟರಲ್ಲಿ ಕಾಲು ಗಂಟೆಯ ಗಡುವು ಮುಗಿದಿತ್ತು.

ಆಮೇಲೆ ಯಾವುದೋ ವಾಲ್ವಿನ ತೊಂದರೆಯೆಂದು ಹಾರಾಟದ ಎಣಿಕೆ ನಿಲ್ಲಿಸಿದರು, ಆದರೆ ಒಮ್ಮೆ ಮುಗಿದ ಗಡುವು ಮತ್ತೆ ತೆರೆಯುವಂತಿರಲಿಲ್ಲ. ರಾಕೆಟ್ ಹಾರಿದ್ದು ಒಂಬತ್ತು ಗಂಟೆ ಐದು ನಿಮಿಷಕ್ಕೆ. ಹೋಗಿ ಬರಲು ಹನ್ನೊಂದು ನಿಮಿಷ. ಬಿಳಿ ಗೆರೆ ನೆತ್ತಿಯ ಮೇಲೇರಿದಾಗ ಹೆರ್ಲಿಂಡಾ ಅತ್ತರು, ಪಕ್ಕದವರನ್ನು ತಬ್ಬಿಕೊಂಡರು. ಚೆಂಚೋ ಮಾತ್ರ ತನ್ನ ಗಾಡಿಯ ಬಾನೆಟ್ಟಿಗೆ ಒರಗಿ ಗೇಟನ್ನೇ ನೋಡುತ್ತಿದ್ದ. ಯಾರೋ ಅವನ ಕೈಗೊಂದು ಬುರ್ರೀತೋ ಕೊಟ್ಟರು. ಅವನು ಹಿಡಿದುಕೊಂಡೇ ಇದ್ದ.

ಗೇಟು ತೆರೆದದ್ದು ಒಂಬತ್ತೂವರೆಗೆ. ದೋನ್ಯಾ ಕೂಕಾ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ತೀರಿಕೊಂಡಿದ್ದಳು.

ಸುದ್ದಿ ಊರಿಗೆ ಬಂದಾಗ ಮಧ್ಯಾಹ್ನ. ಅಷ್ಟರಲ್ಲಿ ಕೆಫೆಯ ಕರಿಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಅಮ್ಮ ಹೋಗ್ತಿದ್ದಾಳೆ: ಚೆಂಚೋ’ ಎಂದು ಬರೆದಾಗಿತ್ತು. ನಾಟಿ ತೋಳಿನಿಂದಲೇ ಅದನ್ನು ಉಜ್ಜಿ ಅಳಿಸಿದಳು. ಆಮೇಲೆ ಹಲಗೆಯನ್ನೇ ಕಿತ್ತು ಒಳಗಿಟ್ಟಳು.

ಮಣ್ಣು ಕೊಟ್ಟ ದಿನ ಹೆರ್ಲಿಂಡಾ ಹಿಂದಿನ ಸಾಲಿನಲ್ಲಿ ನಿಂತಿದ್ದರು. ಚೆಂಚೋ ಎಲ್ಲರನ್ನೂ ದಾಟಿ ಬಂದು ಅವರ ಕೈ ಹಿಡಿದುಕೊಂಡ.

“ಯಾರೂ ದೋನ್ಯಾ ಹೆರ್ಲಿಂಡಾನ ಏನೂ ಅನ್ನಬಾರದು,” ಎಂದ, ಎಲ್ಲರಿಗೂ ಕೇಳುವ ಹಾಗೆ. “ಇವ್ರೊಬ್ರೇ ನನಗೋಸ್ಕರ ವಾಕಿಟಾಕೀಲಿ ಮಾತಾಡಿದ್ದು. ಬಾಯಿ ಹತ್ರ ಹಿಡ್ಕೊಂಡಿದ್ದನ್ನ ನಾನೇ ಕಣ್ಣಾರೆ ನೋಡಿದೆ. ಮೇಲಿನೋರು ಬಿಡ್ಲಿಲ್ಲ, ಇವ್ರೇನ್ ಮಾಡ್ತಾರೆ? ನನಗೋಸ್ಕರ ಅತ್ತರು ಕೂಡ.”

ಹೆರ್ಲಿಂಡಾ ಅವನ ಕೈ ಹಿಡಿದೇ ನಿಂತರು. ಸುತ್ತಲಿನ ಹೆಂಗಸರು ಅವರ ಬೆನ್ನು ಸವರಿದರು.

ಮುಂದಿನ ಒಂಬತ್ತು ದಿನ ತಾರಾಂಗೋ ಮನೆಯಲ್ಲಿ ಜಪಮಾಲೆಯ ಪ್ರಾರ್ಥನೆ. ಹೆರ್ಲಿಂಡಾ ಪ್ರತಿದಿನ ಹೋದರು. ಪ್ರತಿದಿನ ಅವರಿಗೆ ಮುಂದಿನ ಕುರ್ಚಿ ಕೊಟ್ಟರು. ಚೆಂಚೋನ ತಂಗಿ ಮೊದಲ ಕಾಫಿ ಲೋಟ ಅವರ ಕೈಗೇ ತಂದಳು. “ನಿಮ್ಮಿಂದಾಗೋದು ನೀವು ಮಾಡಿದ್ರಿ,” ಎಂದಳು. ಐದನೆಯ ದಿನದಿಂದ ಅವರಿಗೆ ಆ ಕಾಫಿ ಬೇಡವಾಯಿತು. ಆದರೂ ಕುಡಿದರು. ಕುಡಿಯದಿದ್ದರೆ ಯಾಕೆಂದು ಕೇಳುತ್ತಿದ್ದರು.

ಸುಮ್ಮನಿದ್ದಿದ್ದರೆ ಯಾರಿಗೂ ಎಂದಿಗೂ ತಿಳಿಯುತ್ತಿರಲಿಲ್ಲ. ಗೇಟಿನ ಕೆಲಸ ಕೊಟ್ಟ ಗುತ್ತಿಗೆದಾರರು ಅವರ ಮೇಲೆ ಒಂದು ದೂರೂ ಇಲ್ಲವೆಂದು ಹೊಗಳಿ, ಮುಂದಿನ ಹಾರಾಟಕ್ಕೂ ಬರಹೇಳಿದ್ದರು.

ಪ್ರಾರ್ಥನೆ ಮುಗಿದ ಮರುದಿನ ಬೆಳಿಗ್ಗೆ ಅವರು ಟೈರ್ ಅಂಗಡಿಗೆ ಹೋದರು. ಚೆಂಚೋ ಒಂದು ಟೈರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ.

“ಬನ್ನಿ ದೋನ್ಯಾ. ಗಾಡಿ ಎಲ್ಲಿ?”

“ನಡೆದು ಬಂದೆ. ಚೆಂಚೋ, ನಾನು ವಾಕಿಟಾಕೀಲಿ ಮಾತಾಡ್ಲಿಲ್ಲ.”

ಅವನು ಟೈರು ತಿರುಗಿಸಿದ.

“ಮಾತಾಡ್ಲಿಲ್ಲ. ಬೆರ್ತಾ ಮಾತು ಕೇಳ್ತಿದ್ದೆ. ಅದರಲ್ಲಿ ಒಂದು ಮಾತು ಹೇಳಿದ್ರೆ ನಿನ್ನ ದಾಟಿಸೋರು. ಹಿಂದ್ಗಡೆ ದಾರಿ ಇದೆ, ಪೊಲೀಸ್ರು ಕರ್ಕೊಂಡು ಹೋಗ್ತಾರೆ. ನೀನು ಬಂದಾಗ ಇನ್ನೂ ಟೈಮಿತ್ತು.”

“ನೀವು ಅತ್ತಿರಲ್ಲ.”

“ರಾಕೆಟ್ಟಿಗೆ.”

ಚೆಂಚೋ ಟೈರನ್ನು ತೊಟ್ಟಿಯಿಂದ ಎತ್ತಿ ನೆಲಕ್ಕಿಟ್ಟ. ಆಮೇಲೆ ಅವರ ಪರವಾಗಿ ತಾನೇ ಒಂದು ಕಾರಣ ಹುಡುಕಿದಂತೆ ಹೇಳಿದ. “ನನ್ನದೂ ತಪ್ಪಿದೆ. ಅಷ್ಟು ಸಲ ಸುಳ್ಳು ಹೇಳಿದ್ದೆ. ಎಲ್ಲರೂ ನಕ್ಕರು.”

“ಅವರ್ಯಾರ ಕೈಲೂ ವಾಕಿಟಾಕಿ ಇರ್ಲಿಲ್ಲ. ನಿನ್ನ ಚಪ್ಪಲಿ ನೋಡಿದ್ದೆ ನಾನು. ನಿಜ ಅಂತ ಗೊತ್ತಾಗಿತ್ತು.”

“ಆ ದಾರೀಲಿ ಎಷ್ಟೊತ್ತು?”

“ನಲವತ್ತೈದು ನಿಮಿಷ.”

ಅವನು ಲೆಕ್ಕ ಹಾಕಿದ. ತುಟಿ ಅಲುಗುವುದು ಕಾಣುತ್ತಿತ್ತು. ಎಂಟು ಹತ್ತಕ್ಕೆ ಹೊರಟರೆ ಎಂಟು ಐವತ್ತೈದು. ಕಾಲು ಗಂಟೆ ಸಿಗುತ್ತಿತ್ತು.

“ಅಮ್ಮ ಕೊನೇವರೆಗೂ ಕೇಳ್ತಾನೇ ಇದ್ದಳಂತೆ,” ಎಂದ. “ಗಾಡಿ ಸದ್ದು ಬಂತಾ, ಬಂತಾ ಅಂತ.”

ಅವನು ಎದ್ದು ಕಂಪ್ರೆಸರ್ ಹಾಕಿದ. ಆ ಸದ್ದಿನಲ್ಲಿ ಯಾರ ಮಾತೂ ಕೇಳುವಂತಿರಲಿಲ್ಲ. ಹೆರ್ಲಿಂಡಾ ಅದು ಗಾಳಿ ತುಂಬಿ ತಾನಾಗಿ ನಿಲ್ಲುವವರೆಗೂ ಕಾದರು. ಅವನು ತಿರುಗಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎನ್ನುತ್ತಾರೆ ಅವರು. ಬೈಸಿಕೊಳ್ಳಲೆಂದೇ ಹೋಗಿದ್ದರು.

ಚೆಂಚೋ ಯಾರಿಗೂ ಹೇಳಲಿಲ್ಲ. ಅದು ಕ್ಷಮೆಯೋ ಶಿಕ್ಷೆಯೋ ಅವರಿಗೆ ತಿಳಿಯದು. ಊರಿನವರು ದಾರಿಯಲ್ಲಿ ಸಿಕ್ಕಾಗ ಆಗಲೂ “ಪಾಪ, ನೀವೊಬ್ರೇ ಅಲ್ವಾ ಪ್ರಯತ್ನ ಮಾಡಿದ್ದು” ಎನ್ನುತ್ತಿದ್ದರು. ಎರಡು ವಾರ ಅದನ್ನು ಕೇಳಿಸಿಕೊಂಡ ಮೇಲೆ, ಒಂದು ಭಾನುವಾರ ಚರ್ಚಿನ ಪೂಜೆ ಮುಗಿದು ಕೆಫೆ ತುಂಬಿದ್ದಾಗ, ಹೆರ್ಲಿಂಡಾ ಹಲಗೆ ಇದ್ದ ಖಾಲಿ ಗೋಡೆಯ ಪಕ್ಕ ನಿಂತು ಎಲ್ಲವನ್ನೂ ಹೇಳಿದರು. ನಾಟಿ “ಸಾಕು ಅಕ್ಕಾ, ಕೂತ್ಕೊಳ್ಳಿ” ಎಂದಳು. ಅವರು ಕೂರಲಿಲ್ಲ, ಚಪ್ಪಲಿಯ ವಿಷಯವನ್ನೂ ಹೇಳಿ ಮುಗಿಸಿದರು. ಮೂಲೆಯಲ್ಲಿ ಹೆಂಡತಿಯ ಜೊತೆ ಕೂತಿದ್ದ ಚೆಂಚೋ ತಟ್ಟೆಯಿಂದ ತಲೆ ಎತ್ತಿ ಅವರನ್ನು ನೋಡಿದ. ಅಂಗಡಿಗೆ ಹೋದ ದಿನದ ನಂತರ ಅವನು ಅವರತ್ತ ನೋಡಿದ್ದು ಅದೇ ಮೊದಲು.