ಓಲೆಕಟ್ಟು ಊರು ದಾಟಿದ್ದು

ಊರಿನ ಸ್ವತ್ತು ಊರಿನಲ್ಲೇ ಹುಳು ತಿಂದು ಪುಡಿಯಾಗಲಿ, ಪಕ್ಕದ ಊರಿಗೆ ಮಾತ್ರ ಹೋಗಬಾರದು ಎನ್ನುವವರನ್ನು ನೀವು ಅದರ ರಕ್ಷಕರೆಂದು ಒಪ್ಪುತ್ತೀರಾ? ನಾನು ಒಪ್ಪಲಿಲ್ಲ, ಇಂದಿಗೂ ಒಪ್ಪುವುದಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹೊಳೆನರಸೀಪುರದ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಅಲ್ಲಿನ ಪುಟ್ಟ ವಸ್ತುಸಂಗ್ರಹಾಲಯವನ್ನೂ ನೋಡಿಕೊಳ್ಳುತ್ತಿದ್ದೆ. ಅರಕಲಗೂಡಿನ ಗ್ರಂಥಭಂಡಾರವೊಂದರಲ್ಲಿ ನಾಟಿ ವೈದ್ಯದ ತಾಳೆಗರಿಯ ಕಟ್ಟೊಂದಿತ್ತು. ಅದಕ್ಕೆ ಬೇರೆಲ್ಲೂ ಪ್ರತಿಯಿರಲಿಲ್ಲ. ಪ್ರತಿ ನವರಾತ್ರಿಯಲ್ಲೂ ಅದನ್ನು ಮಣೆಯ ಮೇಲಿಟ್ಟು, ನೀರು ಪ್ರೋಕ್ಷಿಸಿ, ಅರಿಸಿನ ಕುಂಕುಮ ಹಚ್ಚಿ, ಮತ್ತೆ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಿದ್ದರು. ಆ ಭಕ್ತಿಯ ತೇವವೇ ಗರಿಗಳನ್ನು ಒಂದಕ್ಕೊಂದು ಅಂಟಿಸಿತ್ತು. ಅಂಚಿಗೆ ಹುಳು ಹಿಡಿದಿತ್ತು. ಗರಿ ಬಿಡಿಸಿ ಎಣ್ಣೆ ಹಚ್ಚಬಲ್ಲವರೊಬ್ಬರು ಹಾಸನದ ಸಂಗ್ರಹಾಲಯದಲ್ಲಿದ್ದರು. ಚನ್ನರಾಯಪಟ್ಟಣದ ಸಂಘವೊಂದರಲ್ಲಿ ಗಾಜಿನ ಬೀರು ಬರಿದೇ ನಿಂತಿತ್ತು. ಪರಸ್ಪರ ಕೇಳುವ ಅಭ್ಯಾಸ ಮಾತ್ರ ಯಾರಲ್ಲಿಯೂ ಇರಲಿಲ್ಲ.

ಕಟ್ಟನ್ನು ಹಾಸನಕ್ಕೆ ಒಯ್ದು ಸರಿಪಡಿಸಿ ತರುತ್ತೇನೆಂದು ಭಂಡಾರದ ಸಮಿತಿಯ ಮುಂದೆ ಅರ್ಧ ಗಂಟೆ ವಾದಿಸಿದೆ. ಅಧ್ಯಕ್ಷರು ಟೋಪಿ ಸರಿಪಡಿಸಿಕೊಳ್ಳುತ್ತ ನಕ್ಕರು.

"ಕಾಲೇಜ್ ಡಿಬೇಟಲ್ಲಿ ಗೆದ್ದಿರ್ಬೌದು ಮೇಷ್ಟ್ರೇ, ಇಲ್ಲಿ ಕಪ್ ಕೊಡಾಕಿಲ್ಲ. ನಮ್ಮೂರ್ ವಸ್ತು ಹಾಸ್ನಕ್ಕೋದ್ರೆ ತಿರುಗ್ ಬಂದಂಗೇ!"

ಬಾಗಿಲಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆ ಊರಿ ನಿಂತರು. "ಅಲ್ಲ ಸಾ, ನಿಮ್ ಮಗಳ ಮದ್ವೆಗೆ ಕೊಣನೂರ್ ದೇವಸ್ಥಾನದ ಕೊಪ್ಪರಿಗೆ ತಂದಿರ್ಲಿಲ್ವಾ? ಅವ್ರೂ ಇಂಗೇ ಅಂದಿದ್ರೆ ಅನ್ನ ಯಾತರಲ್ ಬೇಯಿಸ್ತಿದ್ರಿ, ನಿಮ್ ಟೋಪೀಲಾ?"

ಸಮಿತಿಯೇ ನಕ್ಕಿತು. ನಮ್ಮ ಕಡೆ ಮದುವೆಯ ಪಾತ್ರೆಗಳು ಊರೂರು ಸುತ್ತುತ್ತವೆ. ಒಯ್ಯುವವರ ಹೆಸರು ಬರೆದುಕೊಂಡರೆ ಸಾಕು, ಬೆಳಗಿ ಹಿಂದಿರುಗಿಸುತ್ತಾರೆ. ಆ ಪದ್ಧತಿಯಂತೆಯೇ ನನ್ನ ಹೆಸರನ್ನೂ ಬರೆದುಕೊಂಡರು.

"ಒಂದ್ ಗರಿ ಕಮ್ಮಿಯಾದ್ರೂ ನಿಮ್ದೇ ಒಣೆ ಕಣ್ರೀ," ಎಂದರು ಅಧ್ಯಕ್ಷರು.

"ಇಲ್ಲೇ ಇಟ್ಟು ಹಾಳು ಮಾಡಿದ್ದಕ್ಕೆ ಯಾರು ಹೊಣೆ?" ಎಂದು ಕೇಳಿಯೇ ಸಹಿ ಹಾಕಿದೆ.

ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹಾಸನಕ್ಕೆ ಹೋದೆ. ಗರಿ ಬಿಡಿಸಲು ಎರಡು ತಿಂಗಳು ಹಿಡಿಯಿತು. ಕೊನೆಯ ಹನ್ನೆರಡು ಗರಿಗಳು ಬಿಡಲೇ ಇಲ್ಲ, ಎಳೆದರೆ ಪುಡಿಯಾಗುತ್ತಿದ್ದವು. ಉಳಿದವುಗಳಲ್ಲಿ ಬಾಣಂತಿಯರ ಔಷಧಿಗಳ ವಿವರವಿತ್ತು, ಅಕ್ಷರಗಳು ಓದುವಂತಿದ್ದವು. ಕಟ್ಟು ಅರಕಲಗೂಡಿಗೆ ಹಿಂದಿರುಗಿ, ಚನ್ನರಾಯಪಟ್ಟಣದ ಸಂಘದಿಂದ ನಾನು ಕೇಳಿ ತಂದ ಗಾಜಿನ ಬೀರುವಿನೊಳಗೆ ಕುಳಿತಿತು. ಮುಂದಿನ ನವರಾತ್ರಿಗೆ ಅರಿಸಿನ, ಹೂವು ತಂದವರಿಗೆ ನಾನೇ ಅಡ್ಡ ನಿಂತೆ. ಧರ್ಮಗೇಡಿ ಎಂದರು. ಅನ್ನಲಿ. ಹೂವನ್ನು ಗಾಜಿನ ಹೊರಗಿಡಿ ಎಂದೆ, ಗೊಣಗುತ್ತಲೇ ಇಟ್ಟರು.

ಆ ಹನ್ನೆರಡು ಗರಿಗಳಲ್ಲಿ ಏನಿತ್ತೆಂದು ಇನ್ನು ಯಾರಿಗೂ ತಿಳಿಯದು. ಕೆಲವು ವರ್ಷ ಮೊದಲೇ ಯಾರಾದರೂ ಕೇಳಿದ್ದರೆ ತಿಳಿಯುತ್ತಿತ್ತು. ಆದ್ದರಿಂದ ಈ ವಾರವೇ ನಿಮ್ಮೂರಿನ ಸಂಗ್ರಹಾಲಯಕ್ಕೆ ಹೋಗಿ. ಬೀಗ ಹಾಕಿದ ಪೆಟ್ಟಿಗೆಗಳನ್ನು ತೆರೆಸಿ ನೋಡಿ. ಒಳಗಿರುವುದನ್ನು ಉಳಿಸಲು ಬೇಕಾದದ್ದು ಪಕ್ಕದ ಊರಿನಲ್ಲಿದ್ದರೆ, ಸಂಕೋಚವಿಲ್ಲದೆ ಕೇಳಿ ತನ್ನಿ.