ಸೋರುವ ನಲ್ಲಿಯ ದೃಷ್ಟಿಬೊಟ್ಟು

ತರೀಕೆರೆಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುವ ನನಗೆ ಒಂದು ಹುಚ್ಚಿದೆ. ಮಕ್ಕಳು ‘ವೆರಿ ಪರ್ಫೆಕ್ಟ್’ ಎಂದು ಬರೆದರೆ ಕೈ ತಾನಾಗಿ ಕೆಂಪು ಪೆನ್ನಿಗೆ ಹೋಗುತ್ತದೆ. ಪರ್ಫೆಕ್ಟ್ ಆದಮೇಲೆ ಇನ್ನೆಂಥ ವೆರಿ? ‘ವೆರಿ ಕ್ಲೀನ್’ ಅನ್ನಿ, ‘ಅಬ್ಸಲ್ಯೂಟ್ಲಿ ಪರ್ಫೆಕ್ಟ್’ ಅನ್ನಿ, ವೆರಿಯನ್ನು ಪರ್ಫೆಕ್ಟಿಗೆ ಅಂಟಿಸಬೇಡಿ ಎಂದು ವರ್ಷವಿಡೀ ಗಂಟಲು ಹರಿದುಕೊಳ್ಳುತ್ತೇನೆ.

ಹೋದ ವರ್ಷ ನಮ್ಮತ್ತೆ, ಕೆಮ್ಮಣ್ಣುಗುಂಡಿಗೆ ಹೋಗುವವರು ತಂಗಲೆಂದು ಮಹಡಿಯ ಕೋಣೆಯನ್ನು ಆಸೆಪಟ್ಟು ಸಜ್ಜು ಮಾಡಿದರು. ಎರಡು ತಿಂಗಳಾದರೂ ಒಂದು ನರಪಿಳ್ಳೆಯೂ ಬರಲಿಲ್ಲ. ದಸರೆಯೊಳಗೆ ಯಾರೂ ಬರದಿದ್ದರೆ ಅಲ್ಲಿ ಅಡಿಕೆ ಮೂಟೆ ಪೇರಿಸುತ್ತೇನೆ ಎಂದುಬಿಟ್ಟರು ನನ್ನ ಗಂಡ. ಅತ್ತೆ ಸಪ್ಪಗಾದರು. ಇಂಟರ್‌ನೆಟ್ಟಿಗೆ ಹಾಕಲು ನಾನೇ ಇಂಗ್ಲಿಷಿನಲ್ಲಿ ಜಾಹೀರಾತು ಬರೆದೆ: ಎಕ್ಸ್‌ಟ್ರೀಮ್ಲಿ ಕ್ಲೀನ್ ರೂಮ್, ಅಬ್ಸಲ್ಯೂಟ್ಲಿ ವಂಡರ್‌ಫುಲ್ ವ್ಯೂ. ಅರ್ಥ ಹೇಳಿದ್ದೇ ತಡ, ಅತ್ತೆ ಬೆಚ್ಚಿಬಿದ್ದರು.

“ನಮ್ದನ್ನ ನಾವೇ ಇಷ್ಟೊಂದು ಹೊಗಳ್ಕೊಂಡ್ರೆ ದೃಷ್ಟಿ ಆಗಲ್ವೇನೇ? ತೆಗಿ ಅದನ್ನೆಲ್ಲ!”

ಅವರು ಯಾವುದನ್ನೂ ಬಾಯಿಬಿಟ್ಟು ಹೊಗಳಿದವರಲ್ಲ. ಹದಿನೆಂಟು ವರ್ಷದಿಂದ ನನ್ನ ಸಾರಿಗೆ ‘ಪರವಾಗಿಲ್ಲ’ ಎಂಬುದೊಂದೇ ಸರ್ಟಿಫಿಕೇಟು. ಒಂದೊಂದೇ ಪದ ಕಿತ್ತೆ. ಕ್ಲೀನ್ ರೂಮ್, ವ್ಯೂ ಅಷ್ಟೇ ಉಳಿಯಿತು. ಅದಕ್ಕೂ ಅವರಿಗೆ ಸಮಾಧಾನವಿಲ್ಲ. ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಟ್ಟ ಹಾಗೆ ಒಂದು ಕುಂದೂ ಇರಲಿ ಎಂದು, ಬಚ್ಚಲಿನ ನಲ್ಲಿ ಸ್ವಲ್ಪ ಸೋರುತ್ತದೆ ಅಂತ ಬರೆಸಿದರು. ನನಗೆ ಮೈಯೆಲ್ಲ ಉರಿಯಿತು. ಇನ್ನು ಆ ಕೋಣೆಗೆ ಅಡಿಕೆಯೇ ಗತಿ ಅಂದುಕೊಂಡೆ.

ಮುಂದಿನ ವಾರವೇ ಹುಬ್ಬಳ್ಳಿಯಿಂದ ವಯಸ್ಸಾದ ದಂಪತಿ ಬಂದಿಳಿದರು.

“ಎಲ್ಲಾರೂ ತಮ್ಮದು ಸ್ವರ್ಗ ಅಂತ ಬರದಾರ್ರೀ. ನಳ ಸೋರತೈತಿ ಅಂತ ಬರದವರು ನೀವೊಬ್ರ” ಎಂದರು ಆ ಹಿರಿಯರು. ಎರಡು ದಿನ ಇದ್ದು, ಹೋದಮೇಲೆ ನಮ್ಮ ಕೋಣೆಯ ಬಗ್ಗೆ ಎಲ್ಲರೂ ಓದುವಂತೆ ಬರೆದರು: ‘ವೆರಿ ವೆರಿ ಪರ್ಫೆಕ್ಟ್.’

ನನ್ನ ಕೈ ತುರಿಸಿತು. ತಡೆದುಕೊಂಡು ಅತ್ತೆಗೆ ಅರ್ಥ ಹೇಳಿದೆ. ಅವರ ಮುಖ ಅರಳಿತು, ಹಿಂದೆಯೇ ಗಾಬರಿಯೂ ಆಯಿತು. ಒಳಗೆ ಓಡಿ ಉಪ್ಪು, ಒಣಮೆಣಸಿನಕಾಯಿ ತಂದು ನನ್ನ ಫೋನಿಗೆ ಮೂರು ಸುತ್ತು ನಿವಾಳಿಸಿದರು. ಆಮೇಲೆ ಅದೇ ಮುಷ್ಟಿಯನ್ನು ನನ್ನ ಮುಖದ ಸುತ್ತ ತಿರುಗಿಸತೊಡಗಿದರು.

“ನನಗ್ಯಾಕತ್ತೆ?”

“ಸುಮ್ನೆ ನಿಂತ್ಕೊಳ್ಳೇ. ಈ ಮನೇಲಿ ನಿನಗಾಗ್ದೆ ಇನ್ಯಾರಿಗಾಗುತ್ತೆ ದೃಷ್ಟಿ?”

ನನ್ನ ಕಣ್ಣು ತುಂಬಿ ಬಂತು. ಮೆಣಸಿನಕಾಯಿ ಇನ್ನೂ ಒಲೆಗೆ ಬಿದ್ದಿರಲಿಲ್ಲ.